ಕಲಿತದ್ದು ನಮ್ಮದು, ಕಲಿಸಿದ್ದು ಯಾರದು?

ಕಳೆದ ತಿಂಗಳ ಒಂದು ಭಾನುವಾರ. ಬೆಳಗಿನ ಚಹಾ ಮುಗಿಸಿ, ಈ ವಾರ ಅಂಕಣಕ್ಕೆ ಏನು ಬರೆಯಲಿ ಎಂದು ಯೋಚಿಸುತ್ತ ಕುಳಿತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ನೋಡಿದರೆ ಹಿಂದಿನ ಓಣಿಯ ದಂಪತಿ. ಅವರ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತ ಮಗಳು. ದ್ವಿತೀಯ ಪಿಯುಸಿ ಓದುವ ಚುರುಕು ಹುಡುಗಿ. ಕೈಯಲ್ಲಿ ಬಟ್ಟೆಯ ಚೀಲ. ಚೀಲದ ಬಾಯಿಯಿಂದ ಕನ್ನಡಕ ಹಾಕಿಕೊಂಡ ಒಂದು ಪುಟ್ಟ ಆನೆ ಇಣುಕುತ್ತಿತ್ತು.

“ಅಕ್ಕಾರ, ಇದನ್ನ ಸ್ವಲ್ಪ ಓದ್ರಿ. ಪೊಲೀಸ್ ಕೇಸ್ ಆಗ್ತದೇನ್ರಿ?” ಎನ್ನುತ್ತ ತಂದೆ ಮೊಬೈಲ್ ಫೋನನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದು ಸಣ್ಣ ಸಂದೇಶ. ‘ಈ ಆನೆ ನನ್ನ ಕಲ್ಪನೆಯದು. ನೀವು ಹಾಕಿರುವ ಫೋಟೋ ನನ್ನದು. ಹಂಚುತ್ತಿರುವ ಹಾಳೆಯ ಮಾತುಗಳೂ ನನ್ನವೇ. ದಯವಿಟ್ಟು ನಿಲ್ಲಿಸಿ’ ಎಂಬುದು ಅದರ ಸಾರಾಂಶ.

ನಡೆದದ್ದು ಇಷ್ಟು. ಹುಡುಗಿ ಬೇಸಿಗೆ ರಜೆಯಲ್ಲಿ ಯೂಟ್ಯೂಬ್ ನೋಡಿ ಕ್ರೋಶಾ ಹೆಣಿಗೆ ಕಲಿತಳು. ಒಂದು ಕೊಕ್ಕೆಕಡ್ಡಿ, ಎರಡು ಉಂಡೆ ಉಲ್ಲನ್. ಮೊದಲು ಚೈನು, ಆಮೇಲೆ ಸುತ್ತು, ಆಮೇಲೆ ಹತ್ತಿ ತುಂಬಿದ ಚೆಂಡು, ಕೊನೆಗೆ ಗೊಂಬೆ. ಬೇರೆ ರಾಜ್ಯದ ಒಬ್ಬ ಮಹಿಳೆ ತಾವೇ ಕಲ್ಪಿಸಿದ ಆನೆಯೊಂದನ್ನು ಹೆಣೆಯುವ ಬಗೆಯನ್ನು 40 ನಿಮಿಷದ ವಿಡಿಯೊದಲ್ಲಿ ತೋರಿಸಿದ್ದರು. ದುಂಡು ಕನ್ನಡಕ, ಕೊರಳಿಗೆ ಪಟ್ಟೆಪಟ್ಟೆ ಮಫ್ಲರ್, ಸೊಂಡಿಲಲ್ಲಿ ಹಿಡಿದ ಪುಟ್ಟ ಪುಸ್ತಕ. ನಮ್ಮ ಹುಡುಗಿಗೆ ಅದು ಬಹಳ ಹಿಡಿಸಿತು. ಕಾಲೇಜಿನ ಮೇಳಕ್ಕೆ 12 ಆನೆ ಹೆಣೆದಳು. ಒಂದಕ್ಕೆ 250 ರೂಪಾಯಿಯಂತೆ ಹನ್ನೆರಡೂ ಮಧ್ಯಾಹ್ನದೊಳಗೆ ಖಾಲಿಯಾದವು. 3,000 ರೂಪಾಯಿ! ಆ ದುಡ್ಡಿನಲ್ಲಿ ಸಿಇಟಿ ಪುಸ್ತಕಗಳು ಬಂದವು.

ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ಆದರೆ ಇನ್ನೂ 30 ಗೊಂಬೆ ಬೇಕೆಂದು ಬೇಡಿಕೆ ಬಂತು. ವಾಟ್ಸ್‌ಆ್ಯಪ್‌ನಲ್ಲಿ ಹಾಕಲು ಫೋಟೋ ಬೇಕಾಯಿತು. ತಾನು ತೆಗೆದ ಫೋಟೋ ಮಂಕಾಗಿ ಕಂಡದ್ದರಿಂದ ಆ ಮಹಿಳೆಯ ಫೋಟೋವನ್ನೇ ಹಾಕಿದಳು. ಗೆಳತಿಯರು ‘ನಮಗೂ ಕಲಿಸು’ ಎಂದಾಗ, ವಿಡಿಯೊದ ಕೆಳಗೆ ಆಕೆ ಬರೆದಿದ್ದ ಸುತ್ತುಗಳ ಲೆಕ್ಕವನ್ನೆಲ್ಲ ಹಾಗೆಯೇ ಟೈಪು ಮಾಡಿಸಿ, ಜೊತೆಗೆ ಉಲ್ಲನ್ನು ಕಡ್ಡಿ ಇಟ್ಟು, 150 ರೂಪಾಯಿಯ ಪೊಟ್ಟಣ ಮಾಡಿದಳು. ಮೇಲೆ ತನ್ನ ಹೆಸರು ಬರೆದಳು.

“ಎಲ್ಲಾ ಬಿಟ್ಟು ಓದ್ಕೊಂಡ ಕೂಡು ಅಂದೀನ್ರಿ. ಉಲ್ಲನ್ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕ ಹಾಕೀನಿ,” ಎಂದರು ತಂದೆ. “ಊರ ತುಂಬ ಮಂದಿ ಮಾಡ್ತಾರ. ಇಕೀಗೆ ಮಾತ್ರ ಯಾಕ್ರಿ ಈ ಕಾಟ?” ಎಂದರು ತಾಯಿ. ಹುಡುಗಿ ಮೊದಲ ಬಾರಿ ತಲೆ ಎತ್ತಿದಳು. “ನಾ ಏನೂ ಕಳವು ಮಾಡಿಲ್ರಿ ಆಂಟಿ. ಅವರು ಕಲಿಸ್ಯಾರ, ನಾ ಕಲ್ತೀನಿ. ಕಲಿಯೋದೂ ತಪ್ಪೇನ್ರಿ?”

ಕಣ್ಣಲ್ಲಿ ನೀರು. ಅವಳ ಪ್ರಶ್ನೆ ಸಣ್ಣದಲ್ಲ. ಇಂದು ಅನೇಕ ಮನೆಗಳಲ್ಲಿ ಮಕ್ಕಳು ನೋಡಿ ಕಲಿತು ಏನಾದರೂ ಮಾಡಿ ಮಾರುತ್ತಿದ್ದಾರೆ. ಕಾಗದದ ಓಲೆ, ರಾಳದ ಕೀಚೈನು, ಸಾಬೂನು, ಮೇಣದ ಬತ್ತಿ, ಕಸೂತಿ ಹಾಕಿದ ಚೀಲ. ಕಲಿಸುವವರು ಎಲ್ಲೋ, ಕಲಿಯುವವರು ಎಲ್ಲೋ. ಹಾಗಾಗಿ ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹುಡುಗಿಯ ಪ್ರಶ್ನೆಗೆ ಉತ್ತರ. ಇಲ್ಲ, ಕಲಿಯುವುದು ತಪ್ಪಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ, ಅಂದರೆ ನಾವು ಕಾಪಿರೈಟ್ ಎನ್ನುವುದು, 1957ರ ಕಾಯಿದೆಯ ಪ್ರಕಾರ ನಡೆಯುತ್ತದೆ. ಅದು ಕಾಯುವುದು ಬರಹವನ್ನು, ಚಿತ್ರವನ್ನು, ಶಿಲ್ಪವನ್ನು, ಸಂಗೀತವನ್ನು, ಚಲನಚಿತ್ರವನ್ನು. ಬರಿಯ ವಿಚಾರವನ್ನಲ್ಲ, ವಿಧಾನವನ್ನಲ್ಲ. ‘ಆರು ಕುಣಿಕೆ ಹಾಕು, ಮುಂದಿನ ಸುತ್ತಿಗೆ ಹನ್ನೆರಡು ಮಾಡು, ಹಾಗೆ ಹೆಚ್ಚಿಸುತ್ತ ಹೋದರೆ ದುಂಡಾಗುತ್ತದೆ’ ಎಂಬ ತಿಳಿವಳಿಕೆಗೆ ಯಾರೂ ಒಡೆಯರಿಲ್ಲ.

ಇದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪು ಆಧಾರ. ಆರ್. ಜಿ. ಆನಂದ್ ಎಂಬ ನಾಟಕಕಾರರು ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದು ದೆಹಲಿಯಲ್ಲಿ ಆಡಿಸಿದ್ದರು. ಪ್ರಾಂತಾಭಿಮಾನದಿಂದ ಆಗುವ ಕಷ್ಟ ಅದರ ವಸ್ತು. 1956ರಲ್ಲಿ ‘ನ್ಯೂ ಡೆಲ್ಲಿ’ ಎಂಬ ಹಿಂದಿ ಚಿತ್ರ ಬಂದಾಗ, ಅದು ತಮ್ಮ ನಾಟಕದ ನಕಲು ಎಂದು ಅವರು ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಒಂದೇ ವಿಚಾರವನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಹೇಳಬಹುದು. ವಿಚಾರಕ್ಕೆ ಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಸ್ವಾಮ್ಯ ಎಂಬುದು ಆ ತೀರ್ಪಿನ ತಿರುಳು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಪ್ರಸಂಗ ಅಮೆರಿಕದ್ದು. ಸೆಲ್ಡನ್ ಎಂಬಾತ ಲೆಕ್ಕ ಬರೆಯುವ ಹೊಸ ಪದ್ಧತಿಯನ್ನು ವಿವರಿಸಿ ಪುಸ್ತಕ ಬರೆದ. ಬೇಕರ್ ಎಂಬಾತ ಅದೇ ಬಗೆಯ ಲೆಕ್ಕದ ಹಾಳೆಗಳನ್ನು ಮಾರಿದ. 1879ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಪುಸ್ತಕ ಸೆಲ್ಡನ್ನನದು, ಆದರೆ ಪುಸ್ತಕ ಕಲಿಸುವ ವಿದ್ಯೆಯನ್ನು ಯಾರು ಬೇಕಾದರೂ ಬಳಸಬಹುದು. ಯೋಚಿಸಿ ನೋಡಿದರೆ ನ್ಯಾಯವೇ ಅಲ್ಲವೇ? ಬಳಸಬಾರದು ಎಂದಾದರೆ ಕಲಿಸುವ ಪುಸ್ತಕ ಬರೆಯುವುದಾದರೂ ಏಕೆ?

ಇಷ್ಟು ಹೇಳುವ ಹೊತ್ತಿಗೆ ಹುಡುಗಿಯ ತಾಯಿಯ ಮುಖ ಅರಳಿತ್ತು. ಆದರೆ ಉಲ್ಲನ್ ಉಂಡೆಯಲ್ಲಿ ಒಂದೇ ಎಳೆ ಇರುವುದಿಲ್ಲ. ಹುಡುಗಿ ಮಾಡಿದ್ದು ಒಂದು ಕೆಲಸವಲ್ಲ, ಮೂರು. ಗೊಂಬೆ ಹೆಣೆದು ಮಾರಿದ್ದು ಒಂದು. ಫೋಟೋ ಹಾಕಿದ್ದು ಎರಡು. ಹಾಳೆ ಅಚ್ಚು ಹಾಕಿ ಮಾರಿದ್ದು ಮೂರು. ಮೂರಕ್ಕೂ ಉತ್ತರ ಬೇರೆ ಬೇರೆ.

ಸುಲಭವಾದ ಎರಡನ್ನು ಮೊದಲು ಮುಗಿಸೋಣ. ಫೋಟೋ ತೆಗೆದವರದು. ಅದು ಕಾಯಿದೆಯ ಕಣ್ಣಿನಲ್ಲಿ ಕಲಾಕೃತಿ. ಚೆನ್ನಾಗಿರಲಿ ಬಿಡಲಿ, ಸ್ವಾಮ್ಯ ಇದ್ದೇ ಇರುತ್ತದೆ. ಬರೆದ ಸೂಚನೆಗಳು ಬರಹ, ಅವೂ ಬರೆದವರವು. ಇವನ್ನೆಲ್ಲ ಎಲ್ಲೂ ನೋಂದಾಯಿಸಿರಬೇಕೆಂದಿಲ್ಲ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಬರಹವಾದರೆ ಬರೆದವರ ಜೀವಮಾನವಿಡೀ, ಅವರ ನಂತರ 60 ವರ್ಷ ಅದು ನಡೆಯುತ್ತದೆ. ‘ಎಲ್ಲರಿಗೂ ಕಾಣುವಂತೆ ಹಾಕಿದ್ದಾರಲ್ಲ, ದುಡ್ಡೂ ಕೇಳಿಲ್ಲವಲ್ಲ’ ಎನ್ನುವವರಿದ್ದಾರೆ. ಬೇಲಿ ಇಲ್ಲದ ತೋಟದ ಮಾವು ಕೂಡ ತೋಟದವನದೇ.

ನೋಡಿದ್ದನ್ನು ನಿಮ್ಮ ಮಾತಿನಲ್ಲಿ, ನಿಮ್ಮ ಕೈಯ ಅನುಭವ ಸೇರಿಸಿ ಗೆಳತಿಗೆ ಹೇಳಿಕೊಡುವುದು ಬೇರೆ. ಆಕೆ ಬರೆದ ಸಾಲುಗಳನ್ನೇ ಎತ್ತಿ ಹಾಳೆ ಮಾಡಿ, ಬೆಲೆ ಕಟ್ಟಿ, ಮೇಲೆ ನಿಮ್ಮ ಹೆಸರು ಹಾಕುವುದು ಬೇರೆ. ಮೊದಲನೆಯದು ಕಲಿಕೆ. ಎರಡನೆಯದು ನಕಲು. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಇಲ್ಲಿ ನನ್ನದೇ ಒಂದು ಹಳೆಯ ಕಥೆ ಹೇಳಬೇಕು. ಮದುವೆಯಾದ ಹೊಸತರಲ್ಲಿ ನನಗೆ ಕಸೂತಿಯ ಹುಚ್ಚು. ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹಾಕುವ ಹೊಲಿಗೆ ಅದು. ಗವಂತಿ, ಮುರಗಿ, ನೇಗಿ, ಹೆಂತೆ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಬಟ್ಟೆಯ ಎರಡೂ ಬದಿ ಒಂದೇ ತೆರ ಕಾಣಬೇಕು. ನಾನು ತುಳಸಿಕಟ್ಟೆಯ ಸಾಲೊಂದನ್ನು ನನ್ನದೇ ರೀತಿಯಲ್ಲಿ ಜೋಡಿಸಿ, ಚೌಕುಳಿ ಹಾಳೆಯ ಮೇಲೆ ಬರೆದು, ಒಂದು ಪತ್ರಿಕೆಗೆ ಕಳಿಸಿದ್ದೆ. ಅಚ್ಚಾಯಿತು. ಅಚ್ಚಾದ ಮೇಲೆ ನೋಡಿದರೆ, ಎಡಬದಿಯಲ್ಲಿ ಒಂದು ಮನೆ ತಪ್ಪು ಎಣಿಸಿದ್ದೆ! ಆ ಜಾಗದಲ್ಲಿ ಸೂಜಿ ಹೊರಟ ಕಡೆಗೆ ತಿರುಗಿ ಬರುವಂತಿರಲಿಲ್ಲ.

ಎರಡು ವರ್ಷದ ನಂತರ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಎದುರಿಗೆ ಕುಳಿತ ಗುರುತಿಲ್ಲದ ಹೆಂಗಸಿನ ಸೆರಗಿನ ಮೇಲೆ ನನ್ನ ತುಳಸಿಕಟ್ಟೆ ಕಂಡೆ. ತಪ್ಪಿದ್ದ ಮನೆಯನ್ನು ಆಕೆ ತಿದ್ದಿ, ಸರಿಯಾಗಿ ತುಂಬಿದ್ದಳು. ಆ ದಿನ ನನಗಾದ ಸಂತೋಷ ಇಷ್ಟಲ್ಲ. ಅದಾದ ಕೆಲವು ತಿಂಗಳಿಗೆ ಜಾತ್ರೆಯ ಅಂಗಡಿಯೊಂದರಲ್ಲಿ ಕಸೂತಿಯ ಪುಸ್ತಿಕೆ ಸಿಕ್ಕಿತು. ತೆರೆದರೆ ಅಲ್ಲಿಯೂ ನನ್ನ ಹಾಳೆ. ತಪ್ಪು ಎಣಿಸಿದ ಮನೆಯೂ ಹಾಗೆಯೇ ಇತ್ತು. ಕೆಳಗೆ ಬೇರೆ ಯಾರದೋ ಹೆಸರು. ಅಂದು ರಾತ್ರಿ ಊಟ ಸೇರಲಿಲ್ಲ.

ಆ ಹೆಂಗಸೂ ನನ್ನಿಂದಲೇ ತೆಗೆದುಕೊಂಡಳು, ಆ ಪುಸ್ತಿಕೆಯವರೂ ನನ್ನಿಂದಲೇ ತೆಗೆದುಕೊಂಡರು. ಆದರೆ ಒಬ್ಬಳು ಕಲಿತಳು, ಇನ್ನೊಬ್ಬರು ಎತ್ತಿಕೊಂಡರು. ಈ ವ್ಯತ್ಯಾಸ ಹುಡುಗಿಗೆ ತಿಳಿಯಿತು ಎಂದು ಅವಳ ಮುಖವೇ ಹೇಳಿತು. ಅಂದಹಾಗೆ, ಹೆಸರಿನ ಹಕ್ಕು ಬರಿಯ ಭಾವನೆಯ ಮಾತಲ್ಲ. ನಮ್ಮ ಕಾಯಿದೆಯ 57ನೆಯ ವಿಧಿಯ ಪ್ರಕಾರ, ಕೃತಿಯ ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ, ‘ಇದು ನಾನು ಮಾಡಿದ್ದು’ ಎಂದು ಹೇಳುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ.

ಈಗ ಕಷ್ಟದ ಪ್ರಶ್ನೆ. ಗೊಂಬೆ ಹೆಣೆದು ಮಾರಿದ್ದು ತಪ್ಪೇ?

ಕಾನೂನು ಇಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಾಣುತ್ತದೆ. ಆದರೆ ಹತ್ತಿರ ಹೋದರೆ ದಾರಿ ತಿಳಿಯುತ್ತದೆ. ವಿಡಿಯೊ ನೋಡಿ ನೀವು ಹೆಣೆದದ್ದು ಸಾಧಾರಣ ಮಫ್ಲರ್, ಟೊಪ್ಪಿ, ಹಾಲಿನ ಬಾಟಲಿಯ ಚೀಲ, ಚೌಕ ಚೌಕ ಸೇರಿಸಿದ ಹೊದಿಕೆ ಎಂದಿಟ್ಟುಕೊಳ್ಳಿ. ಅಲ್ಲಿ ಇರುವುದು ವಿಧಾನ ಮಾತ್ರ. ಎಷ್ಟೋ ಕಾಲದಿಂದ ಎಷ್ಟೋ ಕೈಗಳು ಹೆಣೆದ ವಸ್ತು. ನಿಸ್ಸಂಕೋಚವಾಗಿ ಮಾರಬಹುದು.

ಆದರೆ ಕನ್ನಡಕದ ಆನೆ ಹಾಗಲ್ಲ. ಆ ರೂಪ, ಆ ಮುಖಭಾವ, ಆ ಪುಸ್ತಕ ಒಬ್ಬರ ಕಲ್ಪನೆಯಿಂದ ಬಂದದ್ದು. ಶಿಲ್ಪ, ಚಿತ್ರಗಳ ಜೊತೆಗೆ ‘ಕಲಾತ್ಮಕ ಕುಶಲ ಕೃತಿ’ಗಳನ್ನೂ ಕಾಯಿದೆ ಕಲಾಕೃತಿ ಎಂದೇ ಎಣಿಸುತ್ತದೆ. ಕಾಗದದ ಮೇಲಿನ ಚಿತ್ರವನ್ನು ಗೊಂಬೆಯಾಗಿ ಮಾಡುವುದು, ಗೊಂಬೆಯನ್ನು ಚಿತ್ರವಾಗಿ ಬರೆಯುವುದು, ಎರಡೂ ಕರ್ತೃವಿನ ಹಕ್ಕು ಎಂದು 14ನೆಯ ವಿಧಿ ಹೇಳುತ್ತದೆ. ಯಾವ ಗೊಂಬೆ ಆ ಮಟ್ಟದ ಕಲಾಕೃತಿ, ಯಾವುದು ಅಲ್ಲ ಎಂಬುದನ್ನು ನ್ಯಾಯಾಲಯ ಒಂದೊಂದಾಗಿ ನೋಡಿಯೇ ಹೇಳಬೇಕು. ಆದ್ದರಿಂದ, ಒಬ್ಬರದೇ ಎಂದು ನೋಡಿದ ಕೂಡಲೇ ಗುರುತು ಹತ್ತುವ ರೂಪವನ್ನು ಅಪ್ಪಣೆ ಇಲ್ಲದೆ ಮಾರದಿರುವುದೇ ಕ್ಷೇಮ.

ಮನೆಗಾಗಿ, ತಂಗಿಯ ಹುಟ್ಟುಹಬ್ಬಕ್ಕಾಗಿ ಒಂದು ಹೆಣೆದರೆ? ಸ್ವಂತ ಬಳಕೆಯ ನ್ಯಾಯವಾದ ಉಪಯೋಗಕ್ಕೆ 52ನೆಯ ವಿಧಿ ಅವಕಾಶ ಕೊಟ್ಟಿದೆ. ಪಾಠದ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳುವುದಕ್ಕೂ ಅದೇ ವಿಧಿಯಲ್ಲಿ ಅವಕಾಶವಿದೆ. ದೆಹಲಿ ವಿಶ್ವವಿದ್ಯಾಲಯದ ಬಳಿಯ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟು ಈ ಅವಕಾಶವನ್ನು ಎತ್ತಿಹಿಡಿಯಿತು. ಹಾಗಾಗಿ ಕರಕುಶಲ ತರಗತಿಯಲ್ಲಿ ಟೀಚರು ಒಂದು ನಕ್ಷೆಯ ಪ್ರತಿ ಹಂಚಿ ಕಲಿಸಿದರೆ ಮಕ್ಕಳು ಹೆದರಬೇಕಾಗಿಲ್ಲ. ಆದರೆ ತರಗತಿಯಲ್ಲಿ ಮಾಡಿದ್ದನ್ನು ಮೇಳದ ಮೇಜಿನ ಮೇಲೆ ಬೆಲೆಚೀಟಿ ಅಂಟಿಸಿ ಇಟ್ಟಾಗ ಮಾತು ಬದಲಾಗುತ್ತದೆ.

‘50 ತನಕ ಮಾಡಿದರೆ ಪರವಾಗಿಲ್ಲವಂತೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಹುಡುಗಿಯ ತಂದೆಯೂ ಯಾರೋ ಹೇಳಿದರೆಂದು ಅದನ್ನೇ ಕೇಳಿದರು. ಇದು ಅರ್ಧ ಕೇಳಿ ಪೂರ್ತಿ ಹೇಳಿದ ಮಾತು. 15ನೆಯ ವಿಧಿಯಲ್ಲಿ 50ರ ಲೆಕ್ಕ ಇರುವುದು ನಿಜ. ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವೊಂದನ್ನು ನೋಂದಾಯಿಸದೆ, ಅದರ ಒಡೆಯರೇ ಅಥವಾ ಅವರ ಪರವಾನಗಿ ಪಡೆದವರು ಕೈಗಾರಿಕೆಯ ಕ್ರಮದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಹೋಗುತ್ತದೆ ಎಂಬುದು ಅದರ ಅರ್ಥ. ಎಣಿಸಬೇಕಾದದ್ದು ಒಡೆಯರು ಮಾಡಿದ್ದನ್ನು, ನಕಲು ಮಾಡಿದವರು ಮಾಡಿದ್ದನ್ನಲ್ಲ. ಹೀಗೆ ಮಾಡಿ ಮಾರುವವರು ತಮ್ಮ ವಿನ್ಯಾಸ ಕಾಯ್ದುಕೊಳ್ಳಬೇಕೆಂದರೆ 2000ನೆಯ ಇಸವಿಯ ವಿನ್ಯಾಸ ಕಾಯಿದೆಯಡಿ, ಅದನ್ನು ಜನರ ಮುಂದೆ ಇಡುವ ಮೊದಲೇ, ನೋಂದಣಿಗೆ ಅರ್ಜಿ ಹಾಕಬೇಕು. ಅದರ ರಕ್ಷಣೆ ಮೊದಲು 10 ವರ್ಷ, ಆಮೇಲೆ ಕೇಳಿಕೊಂಡರೆ ಇನ್ನೂ 5 ವರ್ಷ.

ಇನ್ನೊಂದು ಎಳೆ ಕೊಟ್ಟ ಮಾತಿನದು. ಕೆಲವರು ತಮ್ಮ ನಕ್ಷೆಯನ್ನು ದುಡ್ಡಿಗೆ ಮಾರುತ್ತಾರೆ. ‘ಇದರಿಂದ ಮಾಡಿದ್ದನ್ನು ಮಾರಬಾರದು’ ಎಂದೋ, ‘ಮಾರಬಹುದು, ನನ್ನ ಹೆಸರು ಹೇಳಿ’ ಎಂದೋ ಷರತ್ತು ಬರೆದಿರುತ್ತಾರೆ. ಕೊಳ್ಳುವ ಮುನ್ನ ಆ ಷರತ್ತು ಓದಿ ಒಪ್ಪಿಕೊಂಡಿದ್ದರೆ ಅದು ಕರಾರು. ಕೃತಿಸ್ವಾಮ್ಯದ ಪ್ರಶ್ನೆ ಹೇಗೇ ಇರಲಿ, ಮಾತು ಮಾತೇ. ತಂದೆತಾಯಿಗಳು ಇಲ್ಲಿ ಒಂದು ವಿಷಯ ತಿಳಿದಿರಬೇಕು: 18 ತುಂಬದವರು ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ, 1903ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದಲೂ ಹಾಗೆಯೇ. ಆದ್ದರಿಂದ ಮಗಳ ಹೆಸರಿನ ವ್ಯಾಪಾರ ನಿಜವಾಗಿ ನಿಮ್ಮ ಹೊಣೆ. ‘ಮಕ್ಕಳ ಕರಾರು ನಿಲ್ಲುವುದಿಲ್ಲವಲ್ಲ, ಷರತ್ತು ಮುರಿದರೇನು’ ಎಂದು ಕಲಿಸಿದರೆ, ಮಗಳು ಕಲಿಯುವುದು ಹೆಣಿಗೆಯನ್ನಲ್ಲ.

ಹಾಗೆಯೇ ಕಾರ್ಟೂನಿನ ಪಾತ್ರಗಳು. ಮಕ್ಕಳಿಗೆ ಇಷ್ಟವೆಂದು ಟಿ.ವಿ.ಯ ಪಾತ್ರದ ಗೊಂಬೆ ಹೆಣೆದು ಮಾರುವವರು ಬಹಳ. ಆ ಪಾತ್ರದ ಚಿತ್ರಕ್ಕೆ ಕೃತಿಸ್ವಾಮ್ಯವಿರುತ್ತದೆ, ಹೆಸರಿಗೆ ಟ್ರೇಡ್‌ಮಾರ್ಕ್ ಇರಬಹುದು. ಹೇಗೆ ಹೆಣೆಯಬೇಕೆಂದು ವಿಡಿಯೊದಲ್ಲಿ ತೋರಿಸಿದವರು ‘ಮಾರಿಕೊಳ್ಳಿ’ ಎಂದರೂ ಅದು ಸಾಲದು; ಪಾತ್ರ ಅವರದಲ್ಲ, ತಮ್ಮದಲ್ಲದ್ದನ್ನು ಅವರು ಕೊಡಲಾರರು.

“ಹಂಗಾದ್ರ ನಮ್ಮ ಕಸೂತಿ, ರಂಗೋಲಿ ಯಾರ್ದು ಆಂಟಿ?” ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಗೋಪುರ, ರಥ, ಅಂಬಾರಿಯ ಆನೆ, ತುಳಸಿಕಟ್ಟೆ — ಕಸೂತಿಯ ಈ ಹಳೆಯ ಚಿತ್ರಗಳಿಗೆ ಒಬ್ಬ ಒಡೆಯನಿಲ್ಲ. ಅಜ್ಜಿ ಮೊಮ್ಮಗಳಿಗೆ, ಅತ್ತೆ ಸೊಸೆಗೆ ಹೇಳಿಕೊಟ್ಟು ಬಂದ ಆಸ್ತಿ ಅದು. ಅವನ್ನು ಯಾರು ಬೇಕಾದರೂ ಹೊಲಿದು ಮಾರಬಹುದು. ಆದರೆ ಹೆಸರಿಗೆ ಇಲ್ಲಿಯೂ ಬೆಲೆಯಿದೆ. 1999ರಲ್ಲಿ ಆದ, 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಕರ್ನಾಟಕದ ಕಸೂತಿ, ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಬೀದರಿನ ಬಿದ್ರಿ ಕೆಲಸ ಇವೆಲ್ಲ ನೋಂದಣಿಯಾಗಿವೆ. ಬೇರೆಲ್ಲೋ ಯಂತ್ರದಲ್ಲಿ ಮಾಡಿದ ಬಣ್ಣದ ಗೊಂಬೆಯನ್ನು ‘ಚನ್ನಪಟ್ಟಣದ್ದು’ ಎಂದು ಮಾರುವಂತಿಲ್ಲ. ಒಬ್ಬರ ಹೆಸರು ಅಳಿಸುವುದು ಎಷ್ಟು ತಪ್ಪೋ, ಒಂದು ಊರಿನ ಹೆಸರು ಸುಳ್ಳುಸುಳ್ಳಾಗಿ ಹಾಕುವುದೂ ಅಷ್ಟೇ ತಪ್ಪು.

ತಂದೆಯ ಪೊಲೀಸ್ ಭಯಕ್ಕೂ ಉತ್ತರ ಹೇಳಬೇಕಲ್ಲ. ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸುವುದು 63ನೆಯ ವಿಧಿಯ ಪ್ರಕಾರ ಅಪರಾಧವೇ. 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಬರೆದಿದೆ. ಕಾನೂನು ಇದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ‘ಗೊತ್ತಿದ್ದೂ’ ಎಂಬ ಮಾತನ್ನು ಗಮನಿಸಿ. ಸಂದೇಶ ಬರುವ ಮೊದಲು ಹುಡುಗಿಗೆ ತಿಳಿದಿರಲಿಲ್ಲ ಎನ್ನಬಹುದು. ಸಂದೇಶ ಓದಿದ ಮೇಲೂ ಮುಂದುವರಿಸಿದರೆ ಆ ಮಾತು ನಡೆಯುವುದಿಲ್ಲ. ಹಾಗಾಗಿ ಇಂಥ ಸಂದೇಶ ಬಂದಾಗ ಮಾಡಬಾರದ ಕೆಲಸ ಎರಡು: ಉತ್ತರಿಸದೆ ಅಳಿಸಿ ಹಾಕುವುದು, ಮತ್ತು ಜಗಳಕ್ಕೆ ನಿಲ್ಲುವುದು. ವಿಷಯ ದೊಡ್ಡದಾಯಿತು ಎನ್ನಿಸಿದರೆ ವಕೀಲರನ್ನು ಕೇಳಿ. ಮಹಿಳೆಯರಿಗೆ, ಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ 1987ರ ಕಾಯಿದೆಯಡಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು.

ಆ ದಿನ ನಾವು ಮಾಡಿದ್ದು ಬಹಳ ಸರಳ. ಮೊದಲು ಫೋಟೋ ತೆಗೆಸಿದೆ. ಉಳಿದಿದ್ದ ಪೊಟ್ಟಣಗಳಿಂದ ಹಾಳೆಗಳನ್ನು ಹೊರಗೆ ತೆಗೆದೆವು. 30 ಗೊಂಬೆ ಕೇಳಿದವರಿಗೆ ‘ಸ್ವಲ್ಪ ದಿನ ತಡೆಯಿರಿ’ ಎಂದು ಹೇಳಿಸಿದೆ. ಆಮೇಲೆ ಹುಡುಗಿಯನ್ನೇ ಕೂರಿಸಿ, ಆ ಮಹಿಳೆಗೆ ಪತ್ರ ಬರೆಸಿದೆ. ತಂದೆ ‘ನಾ ಬರೀತೀನಿ’ ಎಂದು ಮುಂದೆ ಬಂದರು, ಬೇಡವೆಂದೆ. ತಪ್ಪು ಅವಳದು, ಕಲಿತ ಉಪಕಾರವೂ ಅವಳ ಮೇಲಿನದು. ಏನೇನು ಮಾಡಿದೆ, ಎಷ್ಟು ಮಾರಿದೆ, ಎಷ್ಟು ದುಡ್ಡು ಬಂತು, ಏನೇನು ನಿಲ್ಲಿಸಿದ್ದೇನೆ ಎಂದು ಒಂದನ್ನೂ ಮುಚ್ಚಿಡದೆ ಬರೆದಳು. ಕೊನೆಗೆ, ‘ಮುಂದೆ ಈ ಆನೆ ಮಾರಲು ನಿಮ್ಮ ಅಪ್ಪಣೆ ಸಿಗಬಹುದೇ?’ ಎಂದು ಕೇಳಿದಳು.

ಎಂಟು ದಿನ ಉತ್ತರವಿಲ್ಲ. ಹುಡುಗಿ ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಿದ್ದಳಂತೆ. ಬೇಡಿಕೆ ಕೊಟ್ಟವರಲ್ಲಿ ಐದಾರು ಜನ ಬೇರೆ ಕಡೆ ಹೋದರು. ತಂದೆಗೆ ‘ಪ್ರಾಮಾಣಿಕತೆಯಿಂದ ಆದ ಲಾಭ ಇದೇ ಏನು’ ಎಂಬ ಅನುಮಾನ. ಒಂಬತ್ತನೆಯ ದಿನ ಉತ್ತರ ಬಂತು. ಆ ಮಹಿಳೆ ಮೊದಲು ಬರೆದದ್ದು, ‘ಹೀಗೆ ಬರೆದವಳು ನೀನೇ ಮೊದಲು’ ಎಂದು. ಬಂದಿರುವ 30 ಗೊಂಬೆಗಳನ್ನು ಮಾಡಿಕೊಡಬಹುದು. ಪ್ರತಿ ಗೊಂಬೆಯ ಜೊತೆ ತಮ್ಮ ಹೆಸರಿನ ಚೀಟಿ ಇರಬೇಕು. ಹಾಳೆ ಮಾತ್ರ ಮಾರಬಾರದು, ಏಕೆಂದರೆ ನಕ್ಷೆ ಮಾರುವುದೇ ತಮ್ಮ ಜೀವನ. ಇಷ್ಟೇ.

ನಕ್ಷೆ ಮಾರುವುದೇ ತಮ್ಮ ಜೀವನ! ಈ ಮಾತು ಓದಿ ಹುಡುಗಿ ಸುಮ್ಮನಾದಳಂತೆ. ತನ್ನ 150 ರೂಪಾಯಿಯ ಪೊಟ್ಟಣ ಯಾರ ತಟ್ಟೆಯಿಂದ ಬಂತು ಎಂಬುದು ಅವಳಿಗೆ ಆಗ ಅರ್ಥವಾಗಿರಬೇಕು.

ಎಲ್ಲರಿಗೂ ಇಂಥ ಉತ್ತರ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ‘ಬೇಡ’ ಎಂದೂ ಬರಬಹುದು, ಉತ್ತರ ಬಾರದೆಯೂ ಇರಬಹುದು. ಬಾರದಿದ್ದರೆ ಒಪ್ಪಿದರೆಂದು ಅರ್ಥವಲ್ಲ. ಆಗ ಆ ರೂಪವನ್ನು ಬಿಟ್ಟು, ಕಲಿತ ವಿದ್ಯೆಯನ್ನು ಹಿಡಿದು ನಿಮ್ಮದೇ ಏನನ್ನಾದರೂ ಮಾಡಬೇಕು. ಕಲಿಕೆಯ ಗುರಿಯೂ ಅದೇ ಅಲ್ಲವೇ?

ವಿದ್ಯಾರ್ಥಿಗಳೇ, ಮಾರುವ ಮುನ್ನ ನಿಮ್ಮನ್ನೇ ನಾಲ್ಕು ಮಾತು ಕೇಳಿಕೊಳ್ಳಿ. ನಾನು ಇಲ್ಲಿಂದ ತೆಗೆದುಕೊಂಡದ್ದು ವಿಧಾನವನ್ನೋ, ರೂಪವನ್ನೋ? ಫೋಟೋ, ಬರಹ ನನ್ನವೇ? ಕಲಿಸಿದವರು ಏನಾದರೂ ಷರತ್ತು ಹೇಳಿದ್ದಾರೆಯೇ? ಕೊಂಡವರು ‘ಇದು ನಿನ್ನದೇ ಕಲ್ಪನೆಯೇ?’ ಎಂದು ಕೇಳಿದರೆ ತಡವರಿಸದೆ ಉತ್ತರ ಹೇಳಬಲ್ಲೆನೇ? ನಾಲ್ಕನೆಯ ಪ್ರಶ್ನೆ ಯಾವ ಕಾಯಿದೆಯಲ್ಲೂ ಇಲ್ಲ. ಆದರೂ ಅದನ್ನು ಕೇಳಿಕೊಂಡವರಿಗೆ ಕಾಯಿದೆಯ ಪುಸ್ತಕ ತೆರೆಯುವ ಪ್ರಸಂಗ ಅಪರೂಪಕ್ಕೆ ಬರುತ್ತದೆ.

ತಂದೆತಾಯಿಗಳೇ, ಉಲ್ಲನ್ ಗಂಟು ಅಟ್ಟಕ್ಕೆ ಎಸೆಯಬೇಡಿ. ‘ಎಲ್ಲರೂ ಮಾಡುತ್ತಾರೆ ಬಿಡು’ ಎಂದೂ ಹೇಳಬೇಡಿ. ಈ ಎರಡರ ನಡುವೆ ಒಂದು ದಾರಿ ಇದೆ. ಮಗುವಿನ ಪಕ್ಕದಲ್ಲಿ ಕುಳಿತು, ಯಾವುದು ಯಾರದು ಎಂದು ಎಳೆ ಬಿಡಿಸುವುದು. ನಾಳೆ ಅದೇ ಮಗು ತಾನೇ ಒಂದು ಹೊಸ ರೂಪ ಕಲ್ಪಿಸಿದಾಗ, ಆ ಕ್ಷಣದಿಂದ ಅದರ ಹಕ್ಕು ಆ ಮಗುವಿನದೇ. ಅದಕ್ಕೆ ವಯಸ್ಸಿನ ಕಟ್ಟಳೆ ಇಲ್ಲ. ಇನ್ನೊಬ್ಬರ ಹಕ್ಕನ್ನು ಕಾದವರಿಗೆ ತಮ್ಮ ಹಕ್ಕಿನ ಬೆಲೆಯೂ ತಿಳಿದಿರುತ್ತದೆ.

ಮೊನ್ನೆ ಹುಡುಗಿ ಮತ್ತೆ ಬಂದಿದ್ದಳು. 24 ಆನೆಗಳು ಹೋದವಂತೆ, ಒಂದೊಂದರ ಕೊರಳಲ್ಲೂ ಕಲಿಸಿದವರ ಹೆಸರಿನ ಚೀಟಿ. ಜೊತೆಗೆ ಚೀಲದಿಂದ ಇನ್ನೊಂದು ಗೊಂಬೆ ತೆಗೆದು ಮೇಜಿನ ಮೇಲಿಟ್ಟಳು. ಕಚ್ಚೆ ಸೀರೆ ಉಟ್ಟು, ತಲೆಯ ಮೇಲೆ ರೊಟ್ಟಿಬುಟ್ಟಿ ಹೊತ್ತ ಅಜ್ಜಿ. ಮೂಗು ಸ್ವಲ್ಪ ಸೊಟ್ಟ, ಒಂದು ಕೈ ಇನ್ನೊಂದಕ್ಕಿಂತ ಉದ್ದ.

“ಇದು ಯಾರ್ದು?” ಎಂದು ಕೇಳಿದೆ.

“ಇದು ನಂದ್ರಿ ಆಂಟಿ,” ಎಂದಳು.